ಮೂರು ಬೈನಾಕ್ಯುಲರ್‌ಗಳಲ್ಲೂ ಎಡಗಡೆ ಮಂಜು

ಮೂರು ವರ್ಷದ ಹಿಂದೆ, ಸಂಕ್ರಾಂತಿ ಕಳೆದ ಮೊದಲ ಭಾನುವಾರ ನಡೆದದ್ದು ಇದು. ನಾನು ದಾವಣಗೆರೆಯ ಕಾಲೇಜೊಂದರಲ್ಲಿ ಭೌತಶಾಸ್ತ್ರದ ಪ್ರಯೋಗಾಲಯ ನೋಡಿಕೊಳ್ಳುವವನು. ಮಸೂರ, ಪ್ರಿಸಂ, ಕನ್ನಡಿಗಳ ನಡುವೆಯೇ ಇಪ್ಪತ್ತೆರಡು ವರ್ಷ ಕಳೆದಿದ್ದೇನೆ. ರಜೆ ಬಂದರೆ ಹಕ್ಕಿ ನೋಡುವ ಹುಚ್ಚು. ಕಾಲೇಜಿನವರು, ಬ್ಯಾಂಕಿನವರು ಸೇರಿ ಏಳೆಂಟು ಜನರ ತಂಡವಿದೆ. ಆ ವರ್ಷ ಎಲ್ಲರೂ ಒಂದೇ ಬಗೆಯ ಬೈನಾಕ್ಯುಲರ್ ಕೊಳ್ಳೋಣ ಅಂತ ಮಾತಾಗಿತ್ತು. ಯಾವುದು ಒಳ್ಳೆಯದು ಅಂತ ಹೇಳುವ ಹೊಣೆಯನ್ನು ಯಾರೂ ಕೊಡುವ ಮೊದಲೇ ನಾನು ಮೈಮೇಲೆ ಎಳೆದುಕೊಂಡೆ.

ಆಗಷ್ಟೇ ನಾನೊಂದು ಮಿಲಿಟರಿ ಮಾದರಿಯದನ್ನು ತರಿಸಿದ್ದೆ. ಹಸಿರು ರಬ್ಬರಿನ ಹೊದಿಕೆ, ಮಳೆಗೆ ಅಂಜದ ಮೈ, ಒಳಗೆ ದೂರ ಅಳೆಯುವ ಗೆರೆಗಳು. ತಂಡದ ಬ್ಯಾಂಕ್ ಗೆಳೆಯರೊಬ್ಬರು ಆನ್‌ಲೈನಿನಲ್ಲಿ ಅಗ್ಗಕ್ಕೆ ಇನ್ನೊಂದು ತಂದಿದ್ದರು. ಅದರ ಡಬ್ಬದ ಮೇಲೆ ದೊಡ್ಡದಾಗಿ ಮಿಲಿಟರಿ ಅಂತ ಬರೆದಿತ್ತು, ಗಾಜಿಗೆ ಕೆಂಪು ಲೇಪ ಬಳಿದಿತ್ತು. ಇವೆರಡರ ಪಕ್ಕದಲ್ಲಿಟ್ಟು ನೋಡಲು ನಿಜವಾದ ಸೈನಿಕನ ಕೈಯಲ್ಲಿ ಪಳಗಿದ್ದೊಂದು ಬೇಕು ಅನ್ನಿಸಿ, ಹರಿಹರದ ನನ್ನ ಭಾವನಿಗೆ ಫೋನ್ ಮಾಡಿದೆ.

ಭಾವ ಅಂದರೆ ಗಿರಿಜಕ್ಕನ ಗಂಡ ಬಸವರಾಜಪ್ಪ. ಸೈನ್ಯದ ಫಿರಂಗಿ ದಳದಲ್ಲಿ ಇಪ್ಪತ್ತು ವರ್ಷ ಇದ್ದು ಹವಾಲ್ದಾರರಾಗಿ ನಿವೃತ್ತರಾದವರು. ಗುಡ್ಡದ ಮೇಲೆ ಕೂತು, ಹಾರಿಸಿದ ಗುಂಡು ಎಲ್ಲಿ ಬಿತ್ತೆಂದು ನೋಡಿ ಹೇಳುವುದು ಅವರ ಕೆಲಸವಾಗಿತ್ತು. ಊರಿಗೆ ಬಂದ ಮೇಲೆ ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಸೆಕ್ಯುರಿಟಿ ಸೂಪರ್‌ವೈಸರ್ ಆಗಿದ್ದರು. ದಿನಾ ಹರಿಹರದಿಂದ ಬಸ್ಸಿನಲ್ಲಿ ಬಂದು ಹೋಗುತ್ತಿದ್ದರು. ಅವರ ಬಳಿ ಹಳೆಯದೊಂದು ಬೈನಾಕ್ಯುಲರ್ ಇತ್ತು. ಅದನ್ನು ಅವರು ದುರ್ಬೀನು ಅನ್ನುತ್ತಿದ್ದರು.

ಬೆಳಿಗ್ಗೆ ಆರೂವರೆಗೆ ಎಲ್ಲರೂ ಕೊಂಡಜ್ಜಿ ಕೆರೆಯ ಏರಿ ಮೇಲೆ ಸೇರಿದೆವು. ಭಾವ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ದುರ್ಬೀನನ್ನು ಚರ್ಮದ ಚೀಲದಲ್ಲಿ ಹೆಗಲಿಗೆ ಹಾಕಿಕೊಂಡು ಬಂದಿದ್ದರು. ಇಷ್ಟು ಜನ ಓದಿದವರು ತಮ್ಮನ್ನು ಕರೆಸಿದ್ದು ಅವರಿಗೆ ಖುಷಿಯಾಗಿತ್ತು. ತಂಡಕ್ಕೆ ನಾನು ಅವರನ್ನು ಪರಿಚಯಿಸಿದಾಗ, "ನನ್ನ ಕಣ್ಣಿಂದ ಏನೂ ತಪ್ಪಿಸ್ಕಂತಿರ್ಲಿಲ್ರಿ ಆಗ" ಅಂತ ನಕ್ಕರು.

ದೂರದ ಜಾಲಿ ಗಿಡಕ್ಕೆ ಒಂದು ಹಾಳೆ ಕಟ್ಟಿದ್ದೆ. ಅದರಲ್ಲಿ ಮೇಲಿನಿಂದ ಕೆಳಕ್ಕೆ ಸಣ್ಣದಾಗುತ್ತಾ ಹೋಗುವ ಅಕ್ಷರಗಳ ಸಾಲು. ಮೂರರಲ್ಲೂ ಎಷ್ಟನೇ ಸಾಲಿನವರೆಗೆ ಓದಬಹುದು, ಅಂಚಿನಲ್ಲಿ ಚಿತ್ರ ಕದಡುತ್ತದೆಯೇ, ನೆರಳಲ್ಲಿರುವ ಕೊಂಬೆ ಎಷ್ಟು ಸ್ಪಷ್ಟವಾಗಿ ಕಾಣುತ್ತದೆ, ಇದನ್ನೆಲ್ಲ ಒಬ್ಬೊಬ್ಬರೂ ನೋಡಿ ಹೇಳಬೇಕು, ನಾನು ಬರೆದುಕೊಳ್ಳಬೇಕು. ಅಗ್ಗದ್ದು ಎಲ್ಲರ ಕಣ್ಣಿಗೂ ಸೋತಿತು. ಅದರಲ್ಲಿ ಕೆರೆಯೆಲ್ಲ ಪಾಚಿ ಬಣ್ಣಕ್ಕೆ ತಿರುಗಿತ್ತು, ಅಂಚೆಲ್ಲ ಮಸುಕು. ಭಾವನದು ಕೊಂಚ ಹಳದಿ ಅನ್ನಿಸಿದರೂ ನಡುವೆ ಚೆನ್ನಾಗಿತ್ತು. ನನ್ನದರಲ್ಲಿ ಕೊನೆಯ ಸಾಲೂ ಓದಲು ಬರುತ್ತಿತ್ತು. ನಾನು ಒಳಗೊಳಗೇ ಉಬ್ಬಿಹೋಗಿದ್ದೆ.

ಕೊನೆಯಲ್ಲಿ ಭಾವನ ಸರದಿ. ಅವರ ಹೊಗಳಿಕೆಗಾಗಿಯೇ ನಾನು ಕಾದಿದ್ದೆ. ಸೈನ್ಯದಲ್ಲಿ ಕಲಿತ ಹಾಗೆ ಅವರು ಒಂದು ಕಣ್ಣು ಮುಚ್ಚಿ ಇನ್ನೊಂದರಲ್ಲಿ, ಆಮೇಲೆ ಅದನ್ನು ಮುಚ್ಚಿ ಇದರಲ್ಲಿ, ಹೀಗೆ ಒಂದೊಂದೇ ಕೊಳವೆ ಪರೀಕ್ಷೆ ಮಾಡಿದರು. ಮೂರನ್ನೂ ನೋಡಿದರು. ನನ್ನದನ್ನು ಎರಡನೇ ಸಲ ಎತ್ತಿಕೊಂಡರು. ಗಾಜನ್ನು ಕರವಸ್ತ್ರದಿಂದ ಒರೆಸಿ ಮತ್ತೆ ನೋಡಿದರು.

"ಹೆಂಗೈತೆ ಭಾವ?" ಅಂದೆ.

"ಮೂರರಾಗೂ ಎಡಗಡೆ ಮಂಜು ಐತಲ್ಲೋ. ಬಲಗಡೆ ಸುಮಾರಾಗಿ ಕಾಣ್ತತೆ. ಅಂಥ ಫರಕೇನಿಲ್ಲ ಬಿಡು."

"ಈ ಚೀಪಾಗಿದ್ದಕ್ಕೂ ನಂದಕ್ಕೂ ಫರಕಿಲ್ವಾ?"

"ನಂಗಂತೂ ಕಾಣ್ವಲ್ದು."

ಯಾರೋ ಕಿಸಕ್ಕೆಂದರು. ನನ್ನ ಮುಖ ಬಿಸಿಯಾಯಿತು. ಹಾಳೆಯ ಸಾಲು ಓದಿ ಅಂದೆ. ಮೂರನೆಯ ಸಾಲಿಗೇ ಭಾವ ತಪ್ಪು ಓದಿದರು. ಆಗ ನಾನು ಎಲ್ಲರಿಗೂ ಕೇಳುವ ಹಾಗೆ ಅಂದೆ: "ನೀವು ಗುರಿ ಹೇಳಿದ ಗುಂಡೆಲ್ಲ ಎಲ್ಲೆಲ್ಲಿ ಬಿದ್ದಿರ್ಬೇಕು ಅಂತ ಈಗ ಗೊತ್ತಾತು ನೋಡ್ರಿ ಭಾವ."

ತಂಡವೆಲ್ಲ ನಕ್ಕಿತು. ಭಾವನೂ ನಕ್ಕರು. ಆಮೇಲೆ ದುರ್ಬೀನನ್ನು ಚೀಲಕ್ಕೆ ಹಾಕಿ ಬಕಲ್ ಬಿಗಿದು, ನಾವು ಬಾತುಗಳನ್ನು ನೋಡಿ ಮುಗಿಸುವವರೆಗೂ ಏರಿಯ ಕಲ್ಲಿನ ಮೇಲೆ ಕೂತಿದ್ದರು.

ಅವರನ್ನು ನನ್ನ ಬೈಕಿನಲ್ಲೇ ಹರಿಹರಕ್ಕೆ ಬಿಟ್ಟೆ. ಮನೆ ಮುಂದೆ ಇಳಿದವರು ಒಳಗೆ ಹೋಗಲಿಲ್ಲ. ಹ್ಯಾಂಡಲ್ ಮೇಲೆ ಕೈಯಿಟ್ಟು ಕೇಳಿದರು: "ಖರೇ ಹೇಳು. ನಿಂಗೆ ಎಡಗಡೆ ಸ್ವಚ್ಛ ಕಾಣ್ತತಾ?"

"ಎಲ್ರಿಗೂ ಕಾಣ್ತೈತೆ ಭಾವ. ನಿಮ್ದಕ್ಕಿಂತ ನಂದು ಚಲೋ ಐತೆ ಅಂತ ಒಪ್ಪಿಕೊಳ್ಳಾಕ ನಿಮಗೆ ಮನಸಿಲ್ಲ, ಅಷ್ಟೇ."

"ಹಂಗಂತೀಯಾ" ಅಂದರು. ಅಕ್ಕ ಒಳಗಿನಿಂದ ತಿಂಡಿಗೆ ಕರೆದಳು. ಕೆಲಸವಿದೆ ಅಂತ ಹೇಳಿ ಬೈಕ್ ತಿರುಗಿಸಿದೆ.

ಅಲ್ಲಿಂದ ಹತ್ತು ತಿಂಗಳು. ಒಂದು ಮಧ್ಯಾಹ್ನ ನಾನು ಪ್ರಯೋಗಾಲಯದಲ್ಲಿದ್ದಾಗ ಅಕ್ಕನ ಫೋನು ಬಂತು. ಕಾರ್ಖಾನೆಯ ಗೇಟಿನಲ್ಲಿ ಎಡಗಡೆಯಿಂದ ಬಂದ ಸ್ಕೂಟರ್ ಭಾವನಿಗೆ ಕಾಣದೆ, ಅದಕ್ಕೆ ಅಡ್ಡ ಹೋಗಿ ಬಿದ್ದಿದ್ದರು. ಮುಂಗೈ ಮೂಳೆ ಮುರಿದಿತ್ತು. ಸ್ಕೂಟರಿನವನು ಹಾರ್ನ್ ಹಾಕಿದ್ದ, ನಿಧಾನಕ್ಕೇ ಬರುತ್ತಿದ್ದ. ಕೈಗೆ ಬ್ಯಾಂಡೇಜ್ ಹಾಕಿದ ವೈದ್ಯರಿಗೆ ಅನುಮಾನ ಬಂದು ಕಣ್ಣು ತೋರಿಸಿ ಅಂದರು.

ಕಣ್ಣಿನ ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋದೆ. ಒಂದು ಗಂಟೆ ಪರೀಕ್ಷೆ ನಡೆಯಿತು. ಗ್ಲಾಕೋಮಾ ಅಂದರು. ಕಣ್ಣಿನೊಳಗಿನ ಒತ್ತಡ ಏರಿ ನರ ಸಾಯುತ್ತಾ ಹೋಗುವ ಕಾಯಿಲೆ. ನೋವಿಲ್ಲ, ಕೆಂಪಾಗುವುದಿಲ್ಲ. ಎಡಗಣ್ಣು ಹೆಚ್ಚುಕಡಿಮೆ ಹೋಗಿತ್ತು. ಬಲಗಣ್ಣಿನಲ್ಲಿ ಅರ್ಧವಷ್ಟೇ ಉಳಿದಿತ್ತು. ಹೋದದ್ದು ಬರುವುದಿಲ್ಲ, ಉಳಿದದ್ದನ್ನು ಔಷಧಿಯಿಂದ ಕಾಯ್ದುಕೊಳ್ಳಬೇಕು, ಒಂದು ವರ್ಷದ ಹಿಂದೆ ಬಂದಿದ್ದರೆ ಬಹಳಷ್ಟು ಉಳಿಯುತ್ತಿತ್ತು ಅಂದರು.

"ಮೊದಲೇನೂ ಗೊತ್ತಾಗಿರ್ಲಿಲ್ವಾ ಯಜಮಾನ್ರೇ? ಮಂಜು ಕವಿದ ಹಂಗೆ?" ಅಂತ ಡಾಕ್ಟರು ಕೇಳಿದರು.

ಭಾವ ನನ್ನ ಕಡೆ ತಿರುಗಲಿಲ್ಲ. "ಇಲ್ರಿ, ಏನೂ ಗೊತ್ತಾಗ್ಲಿಲ್ಲ" ಅಂದರು.

ಉಪಕರಣ ಮೂರು, ಮೂರರಲ್ಲೂ ಒಂದೇ ಕಡೆ ಒಂದೇ ದೋಷ. ಹಾಗಿದ್ದರೆ ದೋಷ ಉಪಕರಣದ್ದಲ್ಲ, ನೋಡುವ ಕಣ್ಣಿನದು. ಮೊದಲ ವರ್ಷದ ಹುಡುಗರು ಹೀಗೆ ಎಡವಿದರೆ ನಾನು ಗದರಿಸುತ್ತೇನೆ. ಅಂದು ಕೆರೆ ಏರಿಯ ಮೇಲೆ ಭಾವ ಕಂಡದ್ದನ್ನು ಕಂಡ ಹಾಗೆ ಹೇಳಿದ್ದರು. ಅದನ್ನು ಬರೆದುಕೊಳ್ಳಬೇಕಾದವನು ನಾನು. ಅವರ ಹೆಸರಿನ ಮುಂದೆ ಏನೂ ಬರೆಯದೆ ಬರೀ ಒಂದು ಗೆರೆ ಎಳೆದು ಬಿಟ್ಟಿದ್ದೆ.

ಹೊರಗಿನ ಬೆಂಚಿನ ಮೇಲೆ ಕೂತಾಗ ತಡೆಯಲಾಗಲಿಲ್ಲ. "ಕೊಂಡಜ್ಜ್ಯಾಗ ನೀವು ಹೇಳಿದ್ರಿ ಭಾವ" ಅಂದೆ.

"ಹೇಳಿದ್ದೆ. ಆಮೇಲೆ ನೀನು ಎಲ್ಲ ಸರಿ ಐತೆ ಅಂದಿ. ಗಾಜಿನ ವಿಷ್ಯ ಓದಿದವ್ನು ನೀನು. ನಾನು ಹಟ ಮಾಡ್ತಿದೀನೇನೋ ಅಂತ ನಂಗೇ ಅನ್ನಿಸ್ತು. ಅದಾದ್ಮ್ಯಾಲೆ ಯಾರಿಗೂ ಹೇಳಕ್ಕೆ ಹೋಗ್ಲಿಲ್ಲ."

ಬೈದಿದ್ದರೆ ಹಗುರವಾಗುತ್ತಿತ್ತು. ಅವರು ಎದ್ದು ಔಷಧಿ ಚೀಟಿಯನ್ನು ನನ್ನ ಕೈಗಿಟ್ಟರು.

ಕೆಲಸ ಹೋಯಿತು. ಕಾರ್ಖಾನೆಯವರು ಮರ್ಯಾದೆಯಿಂದಲೇ ಕಳಿಸಿದರು, ಹಾರವನ್ನೂ ಹಾಕಿದರು. ಈಗ ಒಬ್ಬರೇ ರಸ್ತೆ ದಾಟುವುದಿಲ್ಲ. ಅಕ್ಕನಿಗೆ ಅವರು ಆ ಭಾನುವಾರದ ಸಂಗತಿ ಹೇಳಿರಲಿಲ್ಲ. ನನಗೇ ಇಟ್ಟುಕೊಳ್ಳಲಾಗದೆ ಒಂದು ದಿನ ಅಡುಗೆಮನೆಯಲ್ಲಿ ಹೇಳಿಬಿಟ್ಟೆ. ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿದಳು. "ಅಷ್ಟು ಮಂದಿ ಎದುರಿಗೆ ನಕ್ಕೇನೋ" ಅಂತ ಮಾತ್ರ ಕೇಳಿದಳು. ಹೌದು ಅಂದೆ. ಅವಳು ಮತ್ತೆ ರೊಟ್ಟಿ ಬಡಿಯಲು ಶುರು ಮಾಡಿದಳು. ಅಂದಿನಿಂದ ನನ್ನೊಡನೆ ಬೇಕಾದಷ್ಟೇ ಮಾತಾಡುತ್ತಾಳೆ. ಊಟಕ್ಕೆ ಬಡಿಸುತ್ತಾಳೆ, ಎದುರಿಗೆ ಕೂರುವುದಿಲ್ಲ.

ತಂಡ ಬಿಟ್ಟೆ. ನಾಲ್ಕು ತಿಂಗಳಿಗೊಮ್ಮೆ ಭಾವನನ್ನು ಪರೀಕ್ಷೆಗೆ ಕರೆದೊಯ್ಯುವುದು ನನ್ನ ಕೆಲಸ. ಯಂತ್ರದೊಳಗೆ ಮುಖವಿಟ್ಟು, ಬೆಳಕಿನ ಚುಕ್ಕಿ ಕಂಡಾಗಲೆಲ್ಲ ಗುಂಡಿ ಒತ್ತಬೇಕು. ಆಮೇಲೆ ಒಂದು ಹಾಳೆ ಬರುತ್ತದೆ. ಕಾಣದ ಜಾಗವೆಲ್ಲ ಅದರಲ್ಲಿ ಕಪ್ಪು. ಮನೆಯಲ್ಲಿ ಅದನ್ನು ಓದಲು ಬರುವುದು ನನಗೊಬ್ಬನಿಗೇ. ಅಕ್ಕ ಹಾಳೆಯನ್ನು ನನ್ನ ಮುಂದಿಟ್ಟು ನಿಲ್ಲುತ್ತಾಳೆ.

ಕಳೆದ ಸಲ ಬಲಗಣ್ಣಿನ ಹಾಳೆಯಲ್ಲಿ ಕಪ್ಪು ಸ್ವಲ್ಪ ನಡುವಿಗೆ ಸರಿದಿತ್ತು. ಏನೂ ಆಗಿಲ್ಲ ಅಂತ ಹೇಳಿಬಿಡುವ ಆಸೆ ಬಾಯಿಯವರೆಗೂ ಬಂದಿತ್ತು. ಹೇಳಲಿಲ್ಲ. "ಸ್ವಲ್ಪ ಜಾಸ್ತಿ ಆಗೈತೆ ಅಕ್ಕ" ಅಂದೆ. ಅವಳು ಹಾಳೆ ಮಡಚಿಕೊಂಡು ಒಳಗೆ ಹೋದಳು.

ಕುರ್ಚಿಯಲ್ಲಿದ್ದ ಭಾವ, ನಾನು ಕೂತಿದ್ದ ಕಡೆಗೆ ಅಂದಾಜಿನ ಮೇಲೆ ತಿರುಗಿ, "ಹೋಗ್ಲಿ ಬಿಡು" ಅಂದರು. ಕಣ್ಣು ಹೋದದ್ದಕ್ಕೋ, ಅಂದು ನಾನು ಆಡಿದ ಮಾತಿಗೋ, ಯಾವುದಕ್ಕೆ ಹಾಗಂದರು ಅಂತ ಕೇಳುವ ಧೈರ್ಯ ನನಗೆ ಈವರೆಗೂ ಬಂದಿಲ್ಲ.