ಗರಗಸ ತಣಿಯುವವರೆಗೆ

ವರ್ಲ್ಡ್ ಕಪ್‌ಗೆಂದು ದೋಹಾ ಸಿಂಗಾರವಾಗುತ್ತಿದ್ದ ಕಾಲ. ಅಲ್ ಹಿಲಾಲ್ ಬಡಾವಣೆಯಲ್ಲಿ ರಸ್ತೆಗೆ ಅಡ್ಡ ಬಿದ್ದ ಖರ್ಜೂರದ ಮರ ಕತ್ತರಿಸಬೇಕಿತ್ತು. ನಾನು ಸೇಫ್ಟಿ ಆಫೀಸರ್. ಪೆಟ್ರೋಲ್ ಗರಗಸ ಹಿಡಿದವರು ಬಂಟ್ವಾಳದ ಸಂಜೀವಣ್ಣ. ಅರ್ಧದಲ್ಲೇ ಪೆಟ್ರೋಲ್ ಮುಗಿಯಿತು. ಅವರು ಗರಗಸವನ್ನು ನೆರಳಲ್ಲಿಟ್ಟು ಸುಮ್ಮನೆ ಕೂತುಬಿಟ್ಟರು.

“ಯಲ್ಲಾ, ಬೇಗ ತುಂಬಿಸಿ. ಇಂಜಿನಿಯರ್ ಬರ್ತಿದ್ದಾರೆ,” ಎಂದೆ.

“ಇಂಜಿನ್ ಬಿಸಿ ಉಂಟು ಸರ್. ಈಗ ಹಾಕಿದ್ರೆ ಬೆಂಕಿ ಹಿಡೀತದೆ. ನೀವೂ ಕೂತ್ಕೊಳ್ಳಿ.”

ಇಂಜಿನಿಯರ್ ಬಂದು ಕೂಗಾಡಿದರೂ ಮನುಷ್ಯ ಅಲುಗಾಡಲಿಲ್ಲ. ಇಪ್ಪತ್ತು ನಿಮಿಷದ ಮೇಲೆ ಪೆಟ್ರೋಲ್ ತುಂಬಿ, ಚೆಲ್ಲಿದ ಹನಿ ಒರೆಸಿ, ಕ್ಯಾನಿನಿಂದ ಹತ್ತು ಹೆಜ್ಜೆ ದೂರ ಹೋಗಿ, ಗರಗಸದ ಚೈನ್ ತಿರುಗದಂತೆ ಬ್ರೇಕ್ ಹಾಕಿಯೇ ಸ್ಟಾರ್ಟ್ ಮಾಡಿದರು. ಪೂಜೆ ನೋಡುವವನಂತೆ ನಿಂತಿದ್ದೆ.

‘ತಣಿದ ಮೇಲೆಯೇ ಪೆಟ್ರೋಲ್’ ಎಂದು ಚೆಕ್‌ಲಿಸ್ಟ್‌ನಲ್ಲಿ ಬರೆದವನು ನಾನೇ. ಅದರ ಮುಂದೆ ದಿನಾ ಟಿಕ್ ಹಾಕುತ್ತಿದ್ದೆ. ಕಣ್ಣಾರೆ ನೋಡಿ ಹಾಕಿದ್ದು ಅವತ್ತೇ ಮೊದಲು.