ಮೇಲಿನ ಕೆರೆಯ ಜಾಡಿ

ಚೆನ್ನೈಯ ಟಿ. ನಗರದ ಹೋಟೆಲು ಮುಚ್ಚಿದ ಮೇಲೆ ವಿಷ್ಣುಮೂರ್ತಿಗೆ ಸಿಕ್ಕಿದ ಕೆಲಸದ ಸುದ್ದಿ ಕೇಳಿ ಕುಂದಾಪುರದ ನೆಂಟರು ನಕ್ಕಿದ್ದೇ ನಕ್ಕಿದ್ದು. ಹುಟ್ಟಿದಾಗಿನಿಂದ ಮೊಟ್ಟೆಯನ್ನೂ ಮುಟ್ಟದ ಮನುಷ್ಯ ಸಿಗಡಿಯ ಬಳಗವನ್ನು ಸಾಕುತ್ತಿದ್ದ. ವೇಲಚೇರಿಯ ಪ್ರಯೋಗಾಲಯವೊಂದರಲ್ಲಿ, ಗಾಜಿನ ಬಾಗಿಲಿನ ತಣ್ಣನೆಯ ಬೀರುವಿನೊಳಗೆ, ಜಾಡಿ ಜಾಡಿಯಲ್ಲೂ ನೀರುಚಿಗಟಗಳು. ಹೆಸರು ಚಿಗಟವಾದರೂ ಸಿಗಡಿಯ ನೆಂಟರು, ಕಚ್ಚುವುದಿಲ್ಲ, ಎಳ್ಳಿನಷ್ಟೇ ಗಾತ್ರ. ಹಿಮಾಲಯದ ಎತ್ತರದ ಕೆರೆಗಳಿಂದ ತಂದವು, ಕೆರೆಗೊಂದು ಜಾಡಿ. ಯಾವ ಕೆರೆಯದು ಯಾವ ವಂಶ ಎಂದು ಸಂಶೋಧಕಿ ವೀಕ್ಷಾ ಪರೀಕ್ಷಿಸುತ್ತಿದ್ದಳು. ಅವುಗಳ ಊಟಕ್ಕೆ ಪಾಚಿನೀರು ಹಾಕುವುದು, ನೀರು ಬದಲಿಸುವುದು ಇವನ ಪಾಲು. ಒಂದರದು ಇನ್ನೊಂದಕ್ಕೆ ಬೀಳಬಾರದು ಎಂದು ಮೊದಲ ದಿನವೇ ಹೇಳಿದ್ದಳು.

ವಿಷ್ಣುಮೂರ್ತಿಗೆ ಮದುವೆಯಾಗಿರಲಿಲ್ಲ. ಹೋಟೆಲೇ ಸಂಸಾರ ಎಂದುಕೊಂಡು ದಿನ ದೂಡಿದವನಿಗೆ, ಅದು ಮುಚ್ಚಿದಾಗ ಸಂಸಾರವೂ ಹೋಯಿತು. ಜೊತೆಗಿದ್ದವರು ದಿಕ್ಕಿಗೊಬ್ಬರಾದರು. ಮಾಧವರಂನ ಬಾಡಿಗೆ ಕೋಣೆಯಲ್ಲಿ ಒಬ್ಬನಿಗೆ ಅಳೆದು ಅನ್ನ ಮಾಡುವುದು ಅವನಿಗೆ ಒಗ್ಗಲೇ ಇಲ್ಲ. ಭಾನುವಾರ ಯಾರೊಡನೆಯೂ ಒಂದು ಮಾತಿಲ್ಲದೆ ಮುಗಿಯುತ್ತಿತ್ತು. ಸೋಮವಾರ ಬೀರುವಿನ ಬಾಗಿಲು ತೆಗೆದೊಡನೆ, "ಎಂತ ಮಾರಾಯ್ರೆ, ಎಲ್ಲ ಸೌಖ್ಯವಾ?" ಎಂದು ಜಾಡಿಗಳನ್ನೇ ಕೇಳುತ್ತಿದ್ದ.

ವೀಕ್ಷಾ ಊರಲ್ಲಿಲ್ಲದ ಬೇಸಗೆಯಲ್ಲಿ ಎಲ್ಲಕ್ಕಿಂತ ಮೇಲಿನ ಕೆರೆಯ ಜಾಡಿ ಸೊರಗಿತು. ದಿನೇ ದಿನೇ ಕಡಿಮೆಯಾಗಿ ಕೊನೆಗೆ ಒಂದೇ ಒಂದು ಉಳಿಯಿತು. ಅಷ್ಟು ನೀರಿನಲ್ಲಿ ಅದೊಂದೇ ಮೇಲೆ ಕೆಳಗೆ ಕುಪ್ಪಳಿಸುತ್ತಿತ್ತು. ಹೋಟೆಲಿನಲ್ಲಿ ಹೊಸ ಹಿಟ್ಟು ಹುಳಿ ಬಂದು ಉಬ್ಬದಿದ್ದರೆ ಹಳೆಯದನ್ನು ಒಂದು ಸೌಟು ಬೆರೆಸುವುದು ರೂಢಿ. ಒಂದು ಸೌಟು ತಾನೇ ಎಂದುಕೊಂಡು ಪಕ್ಕದ ಜಾಡಿಯಿಂದ ಹೊಯ್ದೇ ಬಿಟ್ಟ. ಕೆಲವೇ ವಾರಗಳಲ್ಲಿ ಜಾಡಿ ಗಿಜಿಗಿಜಿ ಎಂದಿತು. ಅವನಿಗೆ ಖುಷಿಯೋ ಖುಷಿ.

ವೀಕ್ಷಾ ಮರಳಿ ಬಂದು ಮಾಡಿದ ಪರೀಕ್ಷೆಯ ಫಲಿತಾಂಶ ಮಳೆಗಾಲದ ಹೊತ್ತಿಗೆ ಬಂತು. ನಡುವೆ ಪರ್ವತವೇ ಅಡ್ಡವಿದ್ದರೂ ಮೇಲಿನ ಕೆರೆಯದೂ ಪಕ್ಕದ ಜಾಡಿಯ ಕೆರೆಯದೂ ಒಂದೇ ವಂಶ. ವೀಕ್ಷಾಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

"ಯಾವ್ದೋ ಹಕ್ಕಿ ಕಾಲಿಗೆ ಅಂಟಿಸ್ಕೊಂಡು ದಾಟಿಸಿರ್ಬೇಕು ಮಾಮ. ನಾಳೆ ಮೀಟಿಂಗ್‌ನಲ್ಲಿ ಎಲ್ಲರಿಗೂ ಹೇಳ್ತೀನಿ."

ಬಾಯಿ ಬಿಟ್ಟರೆ ಕೆಲಸ ಹೋಗುತ್ತದೆ. ಕೆಲಸ ಹಾಳಾಗಲಿ, ಮಾತಾಡಿಸಲು ಇರುವ ಈ ಜಾಡಿಗಳು, ಮಾಮ ಎನ್ನುವ ಈ ಹುಡುಗಿ, ಎಲ್ಲ ಹೋಗುತ್ತದೆ. ಸುಮ್ಮನಿದ್ದರೆ ಅವಳು ನಾಳೆ ನಾಲ್ಕು ಜನರ ಮುಂದೆ ಇಲ್ಲದ್ದನ್ನು ಹೇಳುತ್ತಾಳೆ. ವಿಷ್ಣುಮೂರ್ತಿ ಕೈ ಒರೆಸಿಕೊಂಡ.

"ಹಕ್ಕಿ ಅಲ್ಲ ಅಮ್ಮಾ. ನಾನು."

"ಎನ್ನ ಮಾಮ?" ಏನು ಎಂದು ಕೇಳಲು ಚೆನ್ನೈಯಲ್ಲೇ ಬೆಳೆದವಳ ಬಾಯಿಗೆ ಮೊದಲು ತಮಿಳೇ ಬಂತು.

ಅವನು ಎಲ್ಲ ಹೇಳಿದ. ಅವಳು ಸ್ಟೂಲಿನ ಮೇಲೆ ಕುಳಿತುಬಿಟ್ಟಳು.

"ಆ ಕೆರೆ ಈ ವರ್ಷ ಬತ್ತಿಹೋಗಿದೆ ಮಾಮ. ಮತ್ತೆ ತರೋಕಾಗಲ್ಲ."

"ಒಂದೇ ಉಳಿದಿತ್ತು. ಜೊತೆ ಇಲ್ಲದೆ ಹೇಗೆ ಬದುಕ್ತದೆ ಅಂತ... ನಂಗೆ ನೋಡ್ಲಿಕ್ಕೆ ಆಗ್ಲಿಲ್ಲ."

ವೀಕ್ಷಾ ಬಯ್ಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ವಾಸಿಯಿತ್ತು.

"ಇವಕ್ಕೆ ಜೊತೆ ಬೇಡ ಮಾಮ," ಎಂದಳು ಮೆಲ್ಲಗೆ. "ಗಂಡೂ ಬೇಡ. ಒಂದೇ ಇದ್ರೂ ತಾನೇ ಮರಿ ಹಾಕಿ ಜಾಡಿ ತುಂಬ್ಸುತ್ತೆ. ನೀವು ಹಾಕಿದವು ಅದರ ಪಾಲಿನ ಊಟ ತಿಂದ್ಬಿಟ್ವು. ಈಗಿರೋವೆಲ್ಲ ಆ ಪಕ್ಕದ ಜಾಡಿಯವೇ."

ವಿಷ್ಣುಮೂರ್ತಿ ಜಾಡಿಯ ಕಡೆ ನೋಡಿದ. ಒಳಗೆ ಲೆಕ್ಕವಿಲ್ಲದಷ್ಟು ಕುಪ್ಪಳಿಸುತ್ತಿದ್ದವು. ಅದು ಮಾತ್ರ ಇರಲಿಲ್ಲ.