ದೊಡ್ಡ ಟೈರು, ಹಸಿ ಎಲೆ

ನನ್ನ ಪಿಕಪ್‌ಗೆ ದೊಡ್ಡ ಟೈರು ಹಾಕಿಸಿದ್ದು ಶೋಕಿಗೆ. ಮರಳವಾಡಿ ಕಡೆ ಅಕ್ಕನ ತೋಟದ ದಾರಿಯಲ್ಲಿ ಕಲ್ಲು ಗಾಡಿಯ ಹೊಟ್ಟೆಗೆ ತಾಗುತ್ತದೆ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ಅದು ಅರ್ಧ ಸುಳ್ಳು. ರಾಮನಗರದ ರೇಷ್ಮೆಗೂಡಿನ ಮಾರ್ಕೆಟ್ಟಿನ ಮುಂದೆ ನಿಂತಾಗ ನನ್ನ ಗಾಡಿ ಉಳಿದವಕ್ಕಿಂತ ಒಂದು ಗೇಣು ಎತ್ತರ ಕಾಣಬೇಕಿತ್ತು, ಅಷ್ಟೇ.

ಟೈರು ಹಾಕಿದ ಮೆಕ್ಯಾನಿಕ್ ಸಾಬರು ಅವತ್ತೇ ತಲೆ ಕೊಡವಿದ್ದರು.

"ಟೈರ್ ದೊಡ್ಡದಾದ್ರೆ ಒಂದೊಂದು ಸುತ್ತಿಗೂ ಜಾಸ್ತಿ ದೂರ ಎಳೀಬೇಕು. ಹಿಂದ್ಗಡೆ ಚಕ್ರ ತಿರುಗ್ಸೋ ಕ್ರೌನ್ ಪಿನಿಯನ್ ಹಲ್ಲು ಹಳೇ ಟೈರಿನ ಲೆಕ್ಕಕ್ಕೆ ಮಾಡಿರೋದು. ಅದನ್ನೂ ಬದಲಾಯಿಸು, ಇಲ್ಲಾಂದ್ರೆ ಏರಲ್ಲಿ ಅಳ್ತೀಯಾ."

"ಸುಮ್ನಿರಿ ಸಾಬ್ರೇ, ನಿಮ್ಗೆ ಎಲ್ಲಾದ್ಕೂ ಭಯ."

"ಗಾಡಿಗೆ ಕಾಲು ಉದ್ದ ಮಾಡ್ಸಿದ್ದೀಯ ಕಣ್ಲಾ. ಎದೆ ಅಷ್ಟೇ ಐತೆ," ಅಂದರು.

ಮೂರು ತಿಂಗಳು ಓಡಿಸಿದೆ, ಏನೂ ಆಗಲಿಲ್ಲ. ಆಗುವುದಾದರೂ ಹೇಗೆ? ನಾನು ಹೊರುತ್ತಿದ್ದದ್ದು ರೇಷ್ಮೆಗೂಡು. ಗಾಡಿ ತುಂಬ ಒಟ್ಟಿದರೂ ಅದಕ್ಕೆ ಭಾರವೇ ಇಲ್ಲ. ಮೊದಲು ನಾಲ್ಕನೇ ಗೇರಿನಲ್ಲಿ ಹತ್ತುತ್ತಿದ್ದ ಕಡೆ ಈಗ ಮೂರಕ್ಕೆ ಇಳಿಯಬೇಕಿತ್ತು. ನಾನು ಕ್ಯಾರೇ ಅನ್ನಲಿಲ್ಲ.

ಭಾವ ತೀರಿಕೊಂಡ ಮೇಲೆ ಅಕ್ಕ ಒಬ್ಬಳೇ ಹುಳು ಸಾಕಿದ ಮೊದಲ ಬೆಳೆ ಅದು. ಅವಳ ಮೈದುನಂದಿರು, "ಹೆಂಗ್ಸಿನ ಕೈಲಿ ಆಗೋ ಕೆಲ್ಸ ಅಲ್ಲ, ಈ ಬೆಳೆ ಕೆಟ್ರೆ ತೋಟ ನಮ್ಗೆ ಬುಟ್ಬುಡು," ಅಂದಿದ್ದರು. ಅಕ್ಕ ರೋಷಕ್ಕೆ ಒಪ್ಪಿಕೊಂಡಿದ್ದಳು. ಹುಳು ನಾಲ್ಕನೆಯ ಸಲ ಪೊರೆ ಬಿಟ್ಟು ಎದ್ದಿತ್ತು. ಆಗ ಅದರ ಹಸಿವು ಹೇಳತೀರದು. ಅದೇ ಹೊತ್ತಿಗೆ ತೋಟದ ಹಿಪ್ಪುನೇರಳೆ ಎಲೆಗೆ ಸುರುಳಿ ಹುಳದ ಪೀಡೆ ಬಿತ್ತು, ಆ ಎಲೆ ಮೇವಿಗೆ ಹಾಕುವಂತಿರಲಿಲ್ಲ. ಅಕ್ಕ ಫೋನು ಮಾಡಿ, "ಸಾತನೂರಿಂದ ಎಲೆ ತಂದ್ಕೊಡಪ್ಪಾ, ಮಧ್ಯಾಹ್ನದೊಳ್ಗೆ," ಅಂದಳು.

ಎರಡು ಟ್ರಿಪ್ಪಿನ ಎಲೆ. ನಾನು ಒಂದೇ ಟ್ರಿಪ್ಪಿಗೆ ತುಂಬಿದೆ, ಕಾಲಲ್ಲಿ ತುಳಿದು ತುಳಿದು. ಇಬ್ಬನಿ ಆರದ ಹಸಿ ಎಲೆ ಅದು. ಎಷ್ಟು ಭಾರವಿತ್ತೆಂದು ಈಗಲೂ ನೆನೆದರೆ ಮೈ ಉರಿಯುತ್ತದೆ. ಕನಕಪುರ ದಾಟುವವರೆಗೆ ಹೇಗೋ ಬಂದೆ. ಅಕ್ಕನ ಊರಿಗೆ ಮುಂಚೆ ಸಿಗುವ ಏರಿನಲ್ಲಿ ಮೊದಲನೇ ಗೇರಿಗೆ ಹಾಕಿದರೂ ಗಾಡಿ ಮುಂದಕ್ಕೆ ಹೋಗಲೊಲ್ಲದು. ಹಟ ಹಿಡಿದು ಕ್ಲಚ್ಚು ಅರ್ಧ ಒತ್ತಿಕೊಂಡೇ ಎಳೆಸಿದೆ. ಕ್ಲಚ್ಚು ಸುಟ್ಟ ವಾಸನೆ ಬಂತು, ಗಾಡಿ ನಿಂತಿತು.

ಇಳಿದು ಎಲೆಯೊಳಗೆ ಕೈ ತೂರಿಸಿದೆ. ಅಯ್ಯೋ, ಆಗಲೇ ಬೆಚ್ಚಗಾಗಿತ್ತು. ಒತ್ತೊತ್ತಾಗಿ ತುಂಬಿದ ಎಲೆ ಬಿಸಿಲಿಗೆ ನಿಂತರೆ ಒಳಗೊಳಗೇ ಬೇಯುತ್ತದೆ ಅನ್ನುವುದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ಫೋನು ಮಾಡಿ ಟ್ರ್ಯಾಕ್ಟರು ಕರೆಸಿ, ಎಲೆಯನ್ನೆಲ್ಲ ಅದಕ್ಕೆ ಹೇರಿ ಅಕ್ಕನ ಮನೆ ಮುಟ್ಟುವಾಗ ಹೊತ್ತು ಇಳಿದಿತ್ತು.

ಹುಳುಗಳು ತಟ್ಟೆಯ ಅಂಚಿಗೆ ಬಂದು ತಲೆ ಎತ್ತಿ ಎಲೆ ಹುಡುಕುತ್ತಿದ್ದವು. ಅಕ್ಕ ನನ್ನನ್ನು ಬೈಯಲಿಲ್ಲ. ಎಲೆಯನ್ನು ನೆರಳಲ್ಲಿ ಹರಡಿ, ಒಂದೊಂದನ್ನೇ ಮುಟ್ಟಿ ನೋಡಿ, ಕಪ್ಪಾದದ್ದನ್ನು ಬಿಸಾಡಿ, ಉಳಿದದ್ದನ್ನು ಹಾಕಿದಳು. ಬೇರೆ ಎಲೆ ಇರಲಿಲ್ಲ.

ಮೂರನೇ ದಿನಕ್ಕೆ ಹುಳು ಮೆತ್ತಗಾಯಿತು, ನಾರತೊಡಗಿತು. ಎಲ್ಲವನ್ನೂ ಗುಂಡಿಗೆ ಸುರಿದು ಸುಣ್ಣ ಹಾಕಿದೆವು. ಹುಳು ಗೂಡು ಕಟ್ಟಲೆಂದು ಅಕ್ಕ ತೊಳೆದಿಟ್ಟಿದ್ದ ಬಿದಿರಿನ ಚಂದ್ರಿಕೆಗಳು ಗೋಡೆಗೆ ಒರಗಿಕೊಂಡೇ ಇದ್ದವು.

ಸಾಯಂಕಾಲ ಮೈದುನಂದಿರು ಬಂದರು. ದೊಡ್ಡವನು ಖಾಲಿ ತಟ್ಟೆ ನೋಡಿ, "ಏನಾಯ್ತು ಅತ್ಗೆ? ಎಲೆ ಸರಿ ಇರ್ನಿಲ್ವಾ?" ಎಂದು ಕೇಳಿದ.

ನಾನು ಬಾಗಿಲಲ್ಲೇ ನಿಂತಿದ್ದೆ. ಅಕ್ಕ ನನ್ನ ಕಡೆ ತಿರುಗಲೂ ಇಲ್ಲ.

"ಎಲೆ ಚೆನ್ನಾಗೇ ಇತ್ತು ಕಣಪ್ಪಾ. ನಾನೇ ಸರ್ಯಾಗಿ ನೋಡ್ಕೊಳ್ನಿಲ್ಲ. ನಂದೇ ತಪ್ಪು."

ಒಂದು ಮಾತು, ಒಂದೇ ಒಂದು ಮಾತು ನಾನು ಆಡಿದ್ದರೆ ಸಾಕಿತ್ತು. ಆಡಲಿಲ್ಲ. ಅವಳು ಒಳಗೆ ಹೋಗಿ ತೋಟದ ಮೋಟರು ಮನೆಯ ಬೀಗದ ಕೈ ತಂದು ಅವನ ಕೈಗೆ ಕೊಟ್ಟಳು.